ಸ್ವಂತ ವಾಕ್ಯ

ಹೊಸದುರ್ಗ
೧೯ ಜನವರಿ ೨೦೨೫

ಬರ್ರಿ, ಕುಂತ್ಕಳ್ರಿ. ಮುಂದಿನ ಚಾಪೆಯವರು ತಲೆ ತಗ್ಗಿಸ್ರಿ, ಹಿಂದೆ ನಿಂತವರು ಬೀಡಿ ಆರಿಸ್ರಿ. ಹಟ್ಟಿಯ ಹಿರಿಯರೇ, ಹಾಲು ಕರೆದ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದ ತಾಯಂದಿರೇ, ಹುಣಿಸೆಮರದ ಬೇರಿನ ಮೇಲೆ ಸೀಟು ಹಿಡಿದ ಮರಿಸೈನ್ಯವೇ, ಹೊಸದುರ್ಗದ ಕೊಬ್ಬರಿ ಮಂಡಿಯ ಹಿಂದಿನ ಶೆಡ್ಡಿನಿಂದ ನಾಟಕದ ಮೇಷ್ಟ್ರು ಕಾಟಲಿಂಗಪ್ಪನ ಪತ್ರ ಬಂದಿದೆ. ಓದುತ್ತಿರುವವಳು ನನ್ನ ತಂಗಿಯ ಮಗಳು ಯಶೋದಾ. ತಂಗಿ ಕಣ್ಣು ಮುಚ್ಚಿದ ಮೇಲೆ ಕಿರೀಟ ಕಟ್ಟುವ ಈ ಕೈಗಳೇ ಆಕೆಗೆ ಜಡೆ ಹಾಕಿ, ಓದಿಸಿ, ನಿಮ್ಮ ಹಟ್ಟಿಯ ಗೋವರ್ಧನನಿಗೆ ಧಾರೆ ಎರೆದು ಕೊಟ್ಟವು. ಆದ್ದರಿಂದ ಸದ್ದು ಮಾಡಬೇಡ್ರಿ.

ಯಶೋದಾ, ಇಷ್ಟನ್ನು ಗಟ್ಟಿಯಾಗಿ ಓದಿದೆ ತಾನೆ? ಮೆತ್ತಗೆ ಓದಿದ್ದರೆ ಮೊದಲಿಂದ ಓದು. ಫೋನು ತಗೋ ಮಾವ ಅಂತ ಎಷ್ಟು ಪೀಡಿಸಿದೆ ನೀನು. ಎಂಟು ಹಳ್ಳಿಗೆ ಕೇಳುವ ದನಿಯನ್ನು ಬೆಂಕಿಪೊಟ್ಟಣದೊಳಗೆ ತುಂಬು ಅಂದರೆ ಹೆಂಗೆ ತುಂಬಲಿ? ನಮ್ಮ ಜಯಕುಮಾರ್ ಕಂಡಕ್ಟರ್ ಇದ್ದಾನೆ. ಬೆಳಗಿನ ಬಸ್ಸಿಗೆ ಕವರು ಕೊಟ್ಟರೆ ಹಿರಿಯೂರು ದಾಟಿ ಧರ್ಮಪುರಕ್ಕೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುತ್ತದೆ. ಅಷ್ಟು ಸಾಕು.

ಈಗ ವಿಷಯಕ್ಕೆ. ನೀನು ಶಾಲೆಯಲ್ಲಿ ಮಾಡಿದ ಪಾಠದ ಕೊನೆಗೆ ‘ಅರ್ಥ ತಿಳಿದು ಸ್ವಂತ ವಾಕ್ಯದಲ್ಲಿ ಬಳಸಿರಿ’ ಅಂತ ಪದಗಳಿದ್ದವು, ಉಳಿದ ಪದಗಳಿಗೆಲ್ಲ ಹಟ್ಟಿಯ ಮಕ್ಕಳು ನಾ ಮುಂದು ತಾ ಮುಂದು ಅಂತ ಎದ್ದು ವಾಕ್ಯ ಹೇಳಿದವು, ‘ದಿಕ್ಕಾಪಾಲು’ ಬಂದಾಗ ಮಾತ್ರ ಎಲ್ಲವೂ ತಲೆ ಬಗ್ಗಿಸಿ ಕುಂತವು, ಒಬ್ಬ ಹುಡುಗಿ ಎದ್ದು ‘ಅರ್ಥ ಬೇಕಾದ್ರೆ ಹೇಳ್ತೀನಿ ಮಿಸ್, ವಾಕ್ಯ ಹೇಳಲ್ಲ’ ಅಂದಳು ಅಂತ ಬರೆದಿದ್ದೀಯ. ಒಂದು ಒಳ್ಳೆ ವಾಕ್ಯ ಕಳಿಸು ಮಾವ, ನಕ್ಕಾದರೂ ಬಾಯಿ ಬಿಡಲಿ ಅಂತ ಕೇಳಿದ್ದೀಯ. ಕಾಟಲಿಂಗಪ್ಪನನ್ನು ವಾಕ್ಯ ಕೇಳುವುದೂ ಒಂದೇ, ಮಾರಿಕಣಿವೆಯ ಅಣೆಕಟ್ಟನ್ನು ಚೊಂಬು ನೀರು ಕೇಳುವುದೂ ಒಂದೇ.

ಕೇಳಿ ಮಕ್ಕಳೇ. ಅಕ್ಕಿ ಉರುಳಿದರೆ ಚೆಲ್ಲಾಪಿಲ್ಲಿ. ನಿಮ್ಮ ಮಿಸ್ಸಿನ ಟ್ರಂಕಿನೊಳಗಿನ ಬಟ್ಟೆ ಅಸ್ತವ್ಯಸ್ತ. ಕೆರೆಗೆ ಕೋಣ ಬಿದ್ದರೆ ನೀರು ಅಲ್ಲೋಲಕಲ್ಲೋಲ. ಎಲ್ಲವೂ ಗಲಿಬಿಲಿಯೇ. ಆದರೆ ಅವು ಯಾವಕ್ಕೂ ಕಾಲಿಲ್ಲ. ಅಕ್ಕಿ ಗುಡಿಸಬಹುದು, ಬಟ್ಟೆ ಮಡಚಬಹುದು, ನೀರು ತಿಳಿಯಾಗುವತನಕ ದಡದಲ್ಲಿ ಕುಂತು ಕಾಯಬಹುದು. ದಿಕ್ಕಾಪಾಲು ಹಾಗಲ್ಲ. ಅದು ಕಾಲಿದ್ದವಕ್ಕೆ ಮೀಸಲು. ಒಟ್ಟಿಗಿದ್ದವು, ಒಂದೇ ಕಡೆ ಮುಖ ಮಾಡಿದ್ದವು, ಸಂಜೆಗೆ ಸೇರಲು ಒಂದು ಜಾಗವಿತ್ತು. ಈಗ ದಿಕ್ಕಿಗೊಂದು ಪಾಲು. ಮೂಡಲು ತನ್ನ ಪಾಲು ತಗೊಂಡಿತು, ಪಡುವಲು ತನ್ನ ಪಾಲು ತಗೊಂಡಿತು, ಮನೆಗೆ ಮಾತ್ರ ಪಾಲಿಲ್ಲ. ತಿಳೀತೇ?

ಇನ್ನು ಬಳಕೆ. ನಮ್ಮ ಗೋವರ್ಧನ ಅಳಿಯಂದಿರು ಮಂದೆ ಹೊಡಕೊಂಡು ಹೊಳಲ್ಕೆರೆ ಕಡೆ ವಲಸೆ ಹೋಗಿದ್ದಾರಲ್ಲ. ‘ನನ್ನ ಮಂದೇಲಿ ಒಂದು ಕಿವಿ ಸೈತ ಅತ್ತಿತ್ತ ತಿರುಗಲ್ಲ ಮಾವ’ ಅಂತ ಮೀಸೆ ಮೇಲೆ ಕೈ ಹಾಕುವ ಮನುಷ್ಯ. ಅವನ ಜಂಬಕ್ಕೆ ಇದು ನನ್ನ ಕಾಣಿಕೆ. ಎಲ್ಲರೂ ಕೇಳುವಂತೆ ಓದು:

“ನಮ್ಮ ಅಳಿಯ ಗೋವರ್ಧನನು ಮಂದೆ ಸಮೇತ ಹೊಳಲ್ಕೆರೆಯ ಬಯಲಿನಲ್ಲಿ ದಿಕ್ಕಾಪಾಲಾದನು.”

ನಗ್ರಪ್ಪ ನಗ್ರಿ. ದೊಡ್ಡಕ್ಕನವರಿಗೆ, ಅಂದರೆ ಯಶೋದಾ, ನಿಮ್ಮತ್ತೆಗೆ, ಬೀಗನ ಶರಣು. ಚಿಕ್ಕತಿಮ್ಮಪ್ಪಜ್ಜನಿಗೆ ವಿಶೇಷ ಶರಣು. ಇಷ್ಟು ವರ್ಷ ನನ್ನ ಪತ್ರ ಕೇಳಿ ಆ ಪುಣ್ಯಾತ್ಮ ಒಂದು ‘ಭಲೆ’ ಅಂದವನಲ್ಲ, ಒಂದು ‘ಹೂಂ’ ಅಂದವನಲ್ಲ. ಅಂಥ ಪ್ರೇಕ್ಷಕನನ್ನು ಮಾತಾಡಿಸಿಯೇ ನಾನು ಸಾಯುವುದು.

ಇಂತಿ ನಿನ್ನ ಮಾವ,
ಕಾಟಲಿಂಗಪ್ಪ


ಗೊಲ್ಲರಹಟ್ಟಿ, ಧರ್ಮಪುರದ ಹತ್ತಿರ
೧ ಫೆಬ್ರವರಿ ೨೦೨೫

ಮಾವನಿಗೆ ಯಶೋದಾ ಮಾಡುವ ನಮಸ್ಕಾರ.

ನಿನ್ನ ಪತ್ರ ಓದಿದೆ. ಯಾವಾಗಲೂ ಓದುವ ಹಾಗೆ, ಹುಣಿಸೆಮರದ ಕೆಳಗೆ, ಗಟ್ಟಿಯಾಗಿ. ಅಕ್ಕಿ, ಟ್ರಂಕು, ಕೋಣ ಅಂದಾಗ ನಕ್ಕರು. ಆ ಪದಕ್ಕೆ ನೀನು ಅರ್ಥ ಹೇಳಿದಾಗ ನಗು ನಿಂತಿತು. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ನಾನು ತಲೆ ಎತ್ತಿ ನೋಡಲಿಲ್ಲ. ವಾಕ್ಯ ಓದಿ ಮುಗಿಸುವ ಹೊತ್ತಿಗೆ ಯಾರೋ ಬಂದು ಹಾಳೆಯ ಮೇಲೆ ಅಂಗೈ ಇಟ್ಟರು. ಚಿಕ್ಕತಿಮ್ಮಪ್ಪಜ್ಜ. ಕೋಲು ಬಿಟ್ಟು ಓಡಿ ಬಂದಿದ್ದರು. ಮಾತು ಬಾರದ ಆ ಬಾಯಿ ತೆರೆದೇ ಇತ್ತು.

ತಿರುಗಿ ನೋಡಿದರೆ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಅತ್ತೆ ಆಮೇಲೆ ಹೇಳಿದರು. ನಾವು ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುವುದಿಲ್ಲವೇ, ಬಳೆ ಒಡೆದರೆ ‘ಹೆಚ್ಚಿತು’ ಅನ್ನುವುದಿಲ್ಲವೇ, ಹಾಗೆ ಇಲ್ಲಿ ಮಂದೆ ಚದುರಿದರೆ ‘ಅಗಲ ಆಯ್ತು’ ಅನ್ನುತ್ತಾರಂತೆ. ಆ ಪದ ಎಲ್ಲರಿಗೂ ಗೊತ್ತು, ಅರ್ಥ ಮಕ್ಕಳಿಗೂ ಗೊತ್ತು. ಆದರೆ ಯಾರೂ ಅದನ್ನು ತಮ್ಮ ಮಾತಲ್ಲಿ, ತಮ್ಮವರ ಹೆಸರಿಗೆ ಕೂಡಿಸಿ ಆಡುವುದಿಲ್ಲ. ನನಗೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ‘ಹೇಳ್ಬೇಕಾದ್ರೆ ಆಡಬೇಕಲ್ಲವ್ವ’ ಅಂದರು.

ಅವತ್ತು ಸಂಜೆಯೇ ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಮಂದೆ ಅಡಿಕೆ ತೋಟದ ಪಕ್ಕದ ಬೀಳಿನಲ್ಲಿದೆ, ಮೇವು ಚೆನ್ನಾಗಿದೆ, ಶಾಲೆ ಕಿಟಕಿಗೆ ಬಳಿದು ಉಳಿದ ಹಸಿರು ಬಣ್ಣ ಕೊಟ್ಟಿದ್ದೆನಲ್ಲ, ಅದರ ಪಟ್ಟೆ ಕುರಿಗಳ ಬೆನ್ನ ಮೇಲೆ ಇನ್ನೂ ಮಾಸಿಲ್ಲ ಅಂದರು. ನಾನು ನಕ್ಕೆ. ನಿನಗೆ ಹಾಸ್ಯದ ಪತ್ರ ಬರೆಯೋಣ ಅಂದುಕೊಂಡು ಇಷ್ಟು ದಿನ ಕಳೆಯಿತು.

ನಿನ್ನೆ ಅವರ ಜೊತೆ ವಲಸೆ ಹೋಗಿದ್ದ ಹಟ್ಟಿಯವರಿಬ್ಬರು ವಾಪಸು ಬಂದರು. ಬೆಳಗ್ಗೆ ಬಿಸಿಲೇರುವ ಹೊತ್ತಿಗೆ ನಮ್ಮ ಮಂದೆ ಮಾತ್ರ ಎದ್ದು ನಿಂತಿತಂತೆ. ತೋಳವಿಲ್ಲ, ಗುಡುಗಿಲ್ಲ. ಒದರಲಿಲ್ಲ, ಓಡಲಿಲ್ಲ. ಒಂದೊಂದು ಕುರಿ ಒಂದೊಂದು ಕಡೆ ತಿರುಗಿ ನಡೆಯಿತಂತೆ, ಆಟ ಮುಗಿದ ಮೇಲೆ ಜನ ಎದ್ದು ಹೋಗುವ ಹಾಗೆ. ಮರಿ ಒಂದು ಕಡೆ, ತಾಯಿ ಇನ್ನೊಂದು ಕಡೆ. ನಾಯಿಗಳು ಮಲಗಿದ್ದವು ಮಲಗಿದ್ದ ಹಾಗೇ ನೋಡಿದವಂತೆ. ನಮ್ಮ ಮನೆಯವರು ‘ಬರ್ತೀನಿ’ ಅಂತ ಹೇಳಿ ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಗಳ ಹಿಂದೆ ಹೋದರಂತೆ.

ಯಾವ ಕಡೆಗೆ ಅಂತ ಕೇಳಿದೆ. ಒಬ್ಬರು ಮೂಡಲಿಗೆ ಅಂದರು, ಇನ್ನೊಬ್ಬರು ಪಡುವಲಿಗೆ ಅಂದರು. ಇಬ್ಬರೂ ಕಣ್ಣಾರೆ ನೋಡಿದ್ದಾರೆ. ಇಬ್ಬರೂ ಆಣೆ ಮಾಡುತ್ತಾರೆ.

ನಿನ್ನ
ಯಶೋದಾ


ಹೊಸದುರ್ಗ
೬ ಫೆಬ್ರವರಿ ೨೦೨೫

ಚಿರಂಜೀವಿ ಯಶೋದಾಳಿಗೆ ಮಾವನ ಆಶೀರ್ವಾದ.

ಈ ಪತ್ರವನ್ನು ನೀನೊಬ್ಬಳೇ ಓದಿಕೋ. ಆದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಓದು.

ಹೆದರಬೇಡ. ಬೆದರಿದ ಕುರಿ, ಜಂಬದ ಕುರಿಗಾಹಿ, ಹುಳಿ ಹಿಂಡುವ ಇಬ್ಬರು ಸಾಕ್ಷಿಗಳು. ಇದು ಯಾವ ನಾಟಕದಲ್ಲೂ ಇರುವ ಎರಡನೇ ಅಂಕ. ಮೂರನೇ ಅಂಕದಲ್ಲಿ ಎಲ್ಲರೂ ಬಂದು ಸಾಲಾಗಿ ನಿಂತು ಮಂಗಳ ಹಾಡುತ್ತಾರೆ. ಹೊಳಲ್ಕೆರೆಯಲ್ಲಿ ನನ್ನ ಹಳೆಯ ಶಿಷ್ಯರಿದ್ದಾರೆ, ಹೇಳಿ ಕಳಿಸಿದ್ದೇನೆ. ಕುರಿ ಸಂತೆಗಳಲ್ಲಿ ಹಸಿರು ಪಟ್ಟೆ ಕಂಡರೆ ಹಿಡಿದು ಕಟ್ಟಿ ಅಂದಿದ್ದೇನೆ.

ಇನ್ನು ಪದದ ಮಾತು. ಶ್ರೀರಾಂಪುರದ ರೈತರಿಗೆ ನಾನೇ ಬರೆದು ಕಲಿಸುತ್ತಿರುವ ಪಾಳೆಯಗಾರನ ನಾಟಕ ನಿನಗೆ ಗೊತ್ತು. ಯುಗಾದಿ ಕಳೆದ ಮೇಲೆ ಆಟ. ರಾಜನ ಪಾರ್ಟು ನನ್ನದೇ, ಈ ಮೈಯಲ್ಲಿ ಬಹುಶಃ ಕೊನೆಯದು. ಕೋಟೆ ಬಿದ್ದಾಗ ರಾಜ ಬತೇರಿ ಎಂಬ ಬುರುಜು ಹತ್ತಿ ‘ಅಯ್ಯೋ, ನನ್ನ ಸೈನ್ಯ ದಿಕ್ಕಾಪಾಲಾಯಿತೇ’ ಅಂತ ಮೂರು ಸಲ ಒದರುತ್ತಾನೆ. ದಿನಾ ಸಂಜೆ ಒದರುತ್ತಿದ್ದೇನೆ. ನನ್ನ ಸೈನ್ಯ ಎಲ್ಲಿಗೂ ಹೋಗಿಲ್ಲ. ಶೆಡ್ಡಿನ ಮೂಲೆಯಲ್ಲಿ ಕುಂತು ಮಂಡಕ್ಕಿ ತಿನ್ನುತ್ತದೆ. ಸೇನಾಪತಿ ತಿಪ್ಪೇರುದ್ರಪ್ಪ ಅಂತೂ ಓಡಿಸಿದರೂ ಹೋಗುವವನಲ್ಲ. ‘ಮೇಷ್ಟ್ರೇ, ನೀವು ಗಂಟಲು ಕೆಟ್ಟು ಮಲಗಿದ್ರೆ ರಾಜನ ಪಾರ್ಟು ನಂಗೇ ಅಲ್ವಾ’ ಅಂತ ದಿನಕ್ಕೊಂದು ಸಲ ಕೇಳುತ್ತಾನೆ.

ಪದಕ್ಕೆ ಕಾಲಿದ್ದಿದ್ದರೆ ಮೊದಲು ಇವನನ್ನು ಒಯ್ಯಬೇಕಿತ್ತು.

ಊಟ ಬಿಡಬೇಡ.

ನಿನ್ನ ಮಾವ,
ಕಾಟಲಿಂಗಪ್ಪ


ಗೊಲ್ಲರಹಟ್ಟಿ
೧೮ ಫೆಬ್ರವರಿ ೨೦೨೫

ಮಾವ,

ಅವರು ದಿನಾ ಫೋನ್ ಮಾಡುತ್ತಾರೆ. ಇದನ್ನು ಓದಿ ನಿನಗೆ ಸಮಾಧಾನವಾಗಬಹುದು. ಪೂರ್ತಿ ಓದು.

ಮೊದಲ ದಿನ ದನಿ ಕೇಳಿ ಅತ್ತುಬಿಟ್ಟೆ. ಎಲ್ಲಿದ್ದೀರಿ ಅಂದೆ. ‘ಬಂದೆ ಕಣೆ, ಹುಣಿಸೆಮರ ಕಾಣ್ತಾ ಐತೆ’ ಅಂದರು. ಹೊರಗೆ ಓಡಿ ಹೋಗಿ ಮರದ ಕೆಳಗೆ ನಿಂತೆ. ನಾಲ್ಕೂ ಕಡೆ ಶೇಂಗಾ ಕಿತ್ತ ಬೋಳು ಹೊಲ. ಒಂದು ಕಾಗೆ ಹಾರಿದರೂ ಕಾಣುವ ಜಾಗ. ಯಾರೂ ಇಲ್ಲ. ‘ನಾನು ಮರದ ಕೆಳಗೇ ಇದ್ದೀನಿ’ ಅಂದೆ. ‘ನೀನು ಕಾಣ್ತಿದ್ದೀಯ, ಹಸಿರು ಸೀರೆ’ ಅಂದರು. ಹಸಿರು ಸೀರೆಯನ್ನೇ ಉಟ್ಟಿದ್ದೆ.

ಸಂಜೆಯಾಯಿತು. ಬರಲಿಲ್ಲ.

ಮಾರನೇ ದಿನವೂ ಅದೇ ಮಾತು. ಸುತ್ತ ಏನೇನಿದೆ ಹೇಳಿ ಅಂದೆ. ಅಡಿಕೆ ತೋಟ, ಕಾಲುವೆ, ಅದರಾಚೆ ನಮ್ಮ ಮರ ಅಂದರು. ಇನ್ನೊಂದು ದಿನ ದುರ್ಗದ ಗುಡ್ಡದ ಗಾಳಿಫ್ಯಾನುಗಳ ಸಾಲು, ಅದರಾಚೆ ನಮ್ಮ ಮರ. ಮತ್ತೊಂದು ದಿನ ಹಿರಿಯೂರಿನ ದೊಡ್ಡ ರಸ್ತೆ, ಲಾರಿಗಳು, ರಸ್ತೆ ದಾಟಿದರೆ ನಮ್ಮ ಮರ. ಎಲ್ಲಿ ನಿಂತರೂ ಹಟ್ಟಿ ಎದುರಿಗೇ ಇದೆಯಂತೆ. ಇನ್ನೇನು ಬಂದೆ, ನೀರು ಕಾಯಿಸು ಅನ್ನುತ್ತಾರೆ. ಸುಸ್ತಿಲ್ಲ, ಹಸಿವಿಲ್ಲ, ಗಾಬರಿಯೂ ಇಲ್ಲ. ಅದೇ ನನಗೆ ತಡೆಯಲಾಗದು.

ಕಾಯಿಸುತ್ತೇನೆ. ದಿನಾ ಹಂಡೆ ತುಂಬ ಕಾಯಿಸಿ, ಆರಿದ ಮೇಲೆ ಗಿಡಗಳಿಗೆ ಹಾಕುತ್ತೇನೆ.

ಅವರ ಫೋನಿನ ಬ್ಯಾಟರಿ ಮೂರು ದಿನಕ್ಕಿಂತ ಹೆಚ್ಚು ಬರುವುದಿಲ್ಲ ಮಾವ. ಇವತ್ತಿಗೆ ಎಷ್ಟು ದಿನವಾಯಿತು ಅಂತ ನಾನು ಲೆಕ್ಕ ಹಾಕುತ್ತಿಲ್ಲ.

ಅತ್ತೆ ಆ ಫೋನ್ ಮುಟ್ಟುವುದಿಲ್ಲ. ಮೊನ್ನೆ ಮಗನ ದನಿ ಕೇಳಿ ಅಂತ ಕಿವಿಗಿಟ್ಟೆ. ಸ್ವಲ್ಪ ಹೊತ್ತು ಕೇಳಿದರು. ‘ದನಿ ಅವಂದೇ. ಉಸಿರು ಎಲ್ಲೈತೆ?’ ಅಂದರು. ಆಮೇಲೆ ನಾನೂ ಗಮನಿಸಿದೆ. ನಡೆಯುತ್ತ ಮಾತಾಡುವವರಿಗೆ ಏದುಸಿರು ಇರಬೇಕು. ಇಲ್ಲ. ಗಾಳಿ ಸದ್ದಿಲ್ಲ, ಹೆಜ್ಜೆ ಸದ್ದಿಲ್ಲ. ಬರೀ ದನಿ.

ತಿಪ್ಪೇರುದ್ರಣ್ಣನ ಫೋನಿಗೆ ಮಾಡಿ ನಿನ್ನನ್ನು ಕರೆಸಬಹುದಿತ್ತು. ನಾನು ಫೋನ್ ಎತ್ತಿಕೊಂಡಾಗ ಆ ಕಡೆಯಿಂದ ಇವರ ದನಿಯೇ ಬಂದರೆ ಅಂತ ಹೆದರಿ ಮಾಡಲಿಲ್ಲ. ಜಯಕುಮಾರಣ್ಣನ ಕೈಲಿ ಇದನ್ನು ಕಳಿಸುತ್ತಿದ್ದೇನೆ.

ಯಶೋದಾ


ಹೊಸದುರ್ಗ
೫ ಮಾರ್ಚ್ ೨೦೨೫

ಮಗಳೇ,

ನಿನ್ನ ಪತ್ರಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಮಾತು ಸಿಗಲಿಲ್ಲ. ಕಾಟಲಿಂಗಪ್ಪನಿಗೆ ಮಾತು ಸಿಗಲಿಲ್ಲ ಅಂದರೆ ಈ ಊರಲ್ಲಿ ಯಾರೂ ನಂಬುವುದಿಲ್ಲ.

ಹೋದ ವಾರ ಸಂಜೆ ತಾಲೀಮಿಗೆ ಅಂತ ಶೆಡ್ಡಿನ ಬಾಗಿಲು ತೆಗೆದೆ. ರಂಗದ ನಟ್ಟನಡುವೆ ಒಂದು ಕುರಿ ನಿಂತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು. ಬೆನ್ನ ಮೇಲೆ ಹಸಿರು ಪಟ್ಟೆ, ನಿನ್ನ ಶಾಲೆಯ ಕಿಟಕಿಯ ಹಸಿರು. ಹುಲ್ಲು ಹಾಕಿದೆ, ಮೂಸಲಿಲ್ಲ. ಬಾಯಿಗೆ ನೀರು ಹಿಡಿದೆ, ಕುಡಿಯಲಿಲ್ಲ. ಪಡುವಣ ಗೋಡೆಗೆ ಮುಖ ಕೊಟ್ಟು ನಿಂತೇ ಇದೆ. ತಿರುಗಿಸಿದರೆ ಮೆಲ್ಲಗೆ ಮತ್ತೆ ಅದೇ ಕಡೆ ತಿರುಗುತ್ತದೆ. ತಿಪ್ಪೇರುದ್ರಪ್ಪ ಮೊದಲು ‘ರಾಣಿ ಪಾರ್ಟಿಗೆ ಹೊಸಬರು ಬಂದ್ರಾ ಮೇಷ್ಟ್ರೇ’ ಅಂತ ನಕ್ಕ. ಈಗ ಶೆಡ್ಡಿನೊಳಗೆ ಬರುವುದಿಲ್ಲ.

ಅದೊಂದೇ ಆಗಿದ್ದರೆ ಇದನ್ನೂ ಎರಡನೇ ಅಂಕ ಅನ್ನುತ್ತಿದ್ದೆನೋ ಏನೋ. ಸೋಮವಾರ ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಗಂಡನನ್ನು ನೋಡಿದೆ.

ಗೋವರ್ಧನನೇ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಚಪ್ಪಲಿ ಸವೆದು ಹಿಮ್ಮಡಿ ನೆಲಕ್ಕೆ ತಾಕುತ್ತಿತ್ತು. ‘ಅಳಿಯಂದಿರೇ’ ಅಂತ ಕೂಗಿದೆ. ಡ್ರೈವರುಗಳೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಅವನೂ ತಿರುಗಿದ, ನನ್ನ ಗುರುತು ಹಿಡಿದ, ಬಾಯಿ ತೆರೆದ. ದನಿ ಬರಲಿಲ್ಲ. ಮೈಕು ಕೆಟ್ಟಾಗ ಪಾತ್ರಧಾರಿಯ ಬಾಯಿ ಆಡುವುದನ್ನು ನೀನೂ ನೋಡಿದ್ದೀಯ. ಹಾಗೆ. ಆದರೆ ನಾನು ಗಂಟಲುಗಳನ್ನು ತಿದ್ದಿ ಬದುಕಿದವನು. ಮನುಷ್ಯ ಮೆಲ್ಲಗೆ ಮಾತಾಡಿದರೆ ಕುತ್ತಿಗೆ ಹೇಗಿರುತ್ತದೆ, ಒದರಿದರೆ ನರ ಹೇಗೆ ಉಬ್ಬುತ್ತದೆ, ನನಗೆ ಗೊತ್ತು. ಅವನ ನರಗಳು ಉಬ್ಬಿದ್ದವು. ಅವನು ಒದರುತ್ತಿದ್ದ.

ಕೈ ಹಿಡಿದುಕೊಂಡೆ. ಮುಂಜಾನೆಯ ಕಲ್ಲಿನ ಹಾಗೆ ತಣ್ಣಗಿತ್ತು. ಅವತ್ತು ಮಧ್ಯಾಹ್ನದ ಪಾಳಿಯಲ್ಲಿದ್ದ ಜಯಕುಮಾರನ ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕ ಕೂರಿಸಿ ನಾನು ಅಡ್ಡ ಕುಂತೆ. ಜಯಕುಮಾರ್ ಟಿಕೆಟ್ ಕೊಡುತ್ತ ‘ಏನಪ್ಪ ಗೋವರ್ಧನ, ಎಲ್ಲಿ ನಿನ್ನ ಕುರಿ’ ಅಂದ, ಆದ್ದರಿಂದ ಇದು ನನ್ನೊಬ್ಬನ ಕಣ್ಣಿನ ಮಾತಲ್ಲ. ಬಸ್ಸು ಹಿರಿಯೂರಿನ ಕಡೆ ಹೊರಟ ಮೇಲೆ ಅವನ ಮುಖ ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು. ಶೆಡ್ಡಿನ ಕುರಿ ತಿರುಗುವಂತೆಯೇ. ಕಣ್ಣು ಮಾತ್ರ ನನ್ನ ಮೇಲಿತ್ತು. ಮಾರಿಕಣಿವೆಯ ಹತ್ತಿರ ಬಸ್ಸು ನಿಧಾನವಾದಾಗ ನನ್ನ ಪಕ್ಕದ ಸೀಟು ಬರಿದಾಗಿತ್ತು. ಅವನು ರಸ್ತೆಯಲ್ಲಿ ಪಡುವಲಿಗೆ ನಡೆಯುತ್ತಿದ್ದ. ಇಳಿದು ಹಿಂದೆ ಓಡಿದೆ. ಅವನದು ಕುರಿ ಕಾಯುವವನ ಸೋಮಾರಿ ನಡಿಗೆ. ನನ್ನದು ಓಟ. ಆದರೂ ನಡುವಿನ ದಾರಿ ಬೆಳೆಯುತ್ತಲೇ ಹೋಯಿತು.

ಮಗಳೇ, ಒಂದು ವಿಷಯ ಬರೆ. ಸೋಮವಾರ ಮಧ್ಯಾಹ್ನ ನಿನಗೆ ಅವನ ಫೋನು ಬಂದಿತ್ತೇ?

ಕಾಟಲಿಂಗಪ್ಪ


ಗೊಲ್ಲರಹಟ್ಟಿ
೧೧ ಮಾರ್ಚ್ ೨೦೨೫

ಮಾವ,

ಬಂದಿತ್ತು. ಬೇಜಾರಿನಲ್ಲಿದ್ದರು. ‘ನಿಮ್ಮ ಮಾವ ಸಿಕ್ಕಿದ್ರು ಕಣೆ. ನಾನು ಎಷ್ಟು ಕೂಗಿದ್ರೂ ಕೇಳಿಸ್ಕಳ್ಲಿಲ್ಲ’ ಅಂದರು.

ನಿನ್ನ ಪತ್ರ ಬಂದ ಮೇಲೆ ಅದನ್ನು ಅತ್ತೆಗೆ ಓದಿ ಹೇಳಿದೆ. ಮೆಲ್ಲಗೆ, ಒಲೆಯ ಮುಂದೆ. ಈಗ ಮರದ ಕೆಳಗೆ ಯಾರೂ ಸೇರುವುದಿಲ್ಲ. ಅತ್ತೆ ಒಲೆಯ ಕೊಳ್ಳಿ ಹಿಂದಕ್ಕೆ ಎಳೆದರು. ಆಮೇಲೆ ‘ಕುರಿ ಅಷ್ಟೇ ಅಂದ್ಕಂಡಿದ್ದೆ. ಅವನ ಹೆಸರೂ ಕೂಡಿಸಿದ್ರಲ್ಲ ನಿಮ್ಮ ಮಾವ. ಅದಕ್ಕೇ ಅವನಿಗೂ ಪಾಲು ಬಿದ್ದೈತೆ. ದನಿ ಒಂದು ದಿಕ್ಕಿಗೆ, ಮೈ ಒಂದು ದಿಕ್ಕಿಗೆ’ ಅಂದರು.

ನಾನು ಜಗಳವಾಡಿದೆ. ಮಾವ ದಿನಾ ನಾಟಕದಲ್ಲಿ ಅದೇ ಮಾತು ಒದರುತ್ತಾರೆ, ಅಲ್ಲಿ ಯಾಕೆ ಏನೂ ಆಗಲಿಲ್ಲ ಅಂದೆ. ಅತ್ತೆ ನನ್ನನ್ನೇ ದಡ್ಡಿಯ ಹಾಗೆ ನೋಡಿದರು. ಅಲ್ಲಿ ಮಾತು ರಾಜಂದು, ರಾಜ ಸತ್ತು ಎಷ್ಟೋ ಕಾಲ ಆಯ್ತು, ಅವನ ಸೈನ್ಯ ಆಗಲೇ ಹೋಗೈತೆ. ಓದಿದ್ದು ನೀನು, ಅದೂ ನಿಂದಲ್ಲ. ಪತ್ರದ ವಾಕ್ಯ ನಿಮ್ಮ ಮಾವಂದು, ಸ್ವಂತದ್ದು ಅಂದರು.

ಆಮೇಲೆ ಉಳಿದದ್ದನ್ನೂ ಹೇಳಿದರು. ಬರೆಯಬೇಕೋ ಬೇಡವೋ ಅಂತ ಈ ಹಾಳೆ ಇಟ್ಟುಕೊಂಡು ಕುಂತಿದ್ದೇನೆ.

ಚಿಕ್ಕತಿಮ್ಮಪ್ಪಜ್ಜ ಹುಟ್ಟು ಮೂಗರಲ್ಲ. ಪ್ರಾಯದಲ್ಲಿ ಅಣ್ಣನ ಜೊತೆ ಮೇವಿನ ಜಾಗಕ್ಕೆ ಜಗಳವಾಡಿ, ಸಿಟ್ಟಿನಲ್ಲಿ ಅಣ್ಣನ ಮಂದೆಯ ಮೇಲೆ ಆ ಪದ ಆಡಿದ್ದರಂತೆ. ಹೀಗೇ ಆಯಿತಂತೆ. ಆಡಿದವನೇ ಕೂಡಿಸಬೇಕು ಅಂತ ಹಿರಿಯರು ಹೇಳಿದರು. ಹಿಂದಿನ ದಿನವೆಲ್ಲ ಯಾರೊಡನೆಯೂ ಮಾತಾಡದೆ ದನಿ ಕಟ್ಟಿಟ್ಟುಕೊಂಡು, ಹೊತ್ತು ಹುಟ್ಟುವಾಗ ಕುರಿ ಕೂಡುವ ರೊಪ್ಪದ ಬಾಗಿಲ ಕಲ್ಲಿನ ಮೇಲೆ ನಿಂತು ಒಂದೇ ಒಂದು ಸಲ ಮಂದೆ ಕರೆಯುವ ಕೂಗು ಹಾಕಬೇಕು. ಅವರು ಹಾಕಿದರು. ನಾಲ್ಕು ದಿಕ್ಕಿನಿಂದಲೂ ಬಂದವಂತೆ, ಒಂದು ಮರಿಯೂ ತಪ್ಪಲಿಲ್ಲವಂತೆ. ಕುರಿಗಳು ಒಳಗೆ ಹೋದವು. ದನಿಯೂ ಅವುಗಳ ಜೊತೆ ಒಳಗೆ ಹೋಯಿತು. ಅಜ್ಜ ಅವತ್ತಿನಿಂದ ಮಾತಾಡಿಲ್ಲ.

ಮದುವೆಯಾಗಿ ಬಂದಾಗಿನಿಂದ ಒಂದು ನೋಡುತ್ತಿದ್ದೆ. ಬೆಳಗ್ಗೆ ಹೊತ್ತು ಹುಟ್ಟುವಾಗ ರೊಪ್ಪದ ಕುರಿಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತವೆ. ಯಾರೂ ಕರೆದಿರುವುದಿಲ್ಲ. ಅದೇ ಹೊತ್ತಿಗೆ ಅಜ್ಜ ಬಂದು ಬೇಲಿ ಹಿಡಿದು ನಿಂತಿರುತ್ತಾರೆ, ಕಿವಿ ಕೊಟ್ಟು. ಏನು ಕೇಳುತ್ತಾರೆ ಅಂತ ಈಗ ಗೊತ್ತಾಯಿತು.

ಮಾವ, ನೀನು ಬರಬೇಡ ಅಂತ ಬರೆಯಬೇಕು. ನಾಲ್ಕು ಸಲ ಬರೆಯಲು ಹೋದೆ. ಕೈ ಓಡಲಿಲ್ಲ. ಬಾ ಅಂತ ಬರೆಯಲಿಕ್ಕೂ ಓಡಲಿಲ್ಲ.

ನಿನ್ನೆ ಅವರ ದನಿ ಸ್ವಲ್ಪ ಸಣ್ಣಗೆ ಕೇಳಿತು. ಮರ ಇನ್ನೂ ಕಾಣುತ್ತಿದೆಯೇ ಅಂದೆ. ‘ಕಾಣ್ತೈತೆ. ನೀನು ಕಾಣ್ತಿಲ್ಲ’ ಅಂದರು.

ನಾನು ಮರದ ಕೆಳಗೇ ಇದ್ದೆ.

ಯಶೋದಾ


ಧರ್ಮಪುರ
೧೬ ಮಾರ್ಚ್ ೨೦೨೫, ಸಂಜೆ

ಮಹಾಜನಗಳೇ. ಚಾಪೆ ಖಾಲಿ ಇರಬಹುದು, ಕಟ್ಟೆ ಖಾಲಿ ಇರಬಹುದು. ಆದರೂ ಕರೆಯುವುದು ನನ್ನ ರೂಢಿ. ಬಾಗಿಲು ಹಾಕಿಕೊಂಡು ಒಳಗೆ ಕುಂತವರೇ, ದಿಕ್ಕು ದಿಕ್ಕಿಗೆ ಮುಖ ಮಾಡಿ ಎಲ್ಲೆಲ್ಲೋ ನಿಂತ ಕಾಲುಗಳೇ, ಅಳಿಯಾ ಗೋವರ್ಧನಾ, ಕಾಟಲಿಂಗಪ್ಪ ಮೇಷ್ಟ್ರು ಬಂದಿದ್ದಾರೆ. ಇನ್ನು ಎರಡು ಹರದಾರಿ ದೂರದಲ್ಲಿದ್ದಾರೆ.

ಮಗಳೇ, ನಾನು ಧರ್ಮಪುರದ ಬಸ್‌ಸ್ಟ್ಯಾಂಡಿನ ಪಕ್ಕ ಒಬ್ಬ ಟೈಲರ್ ಅಂಗಡಿಯ ಜಗಲಿಯಲ್ಲಿ ಕುಂತಿದ್ದೇನೆ. ಇವತ್ತು ಬೆಳಗ್ಗೆಯಿಂದ ಬಾಯಿ ತೆರೆದಿಲ್ಲ. ಜಯಕುಮಾರನಿಗೆ ಕೈಸನ್ನೆಯಲ್ಲೇ ಎರಡು ಟಿಕೆಟ್ ಕೇಳಿದೆ, ನನಗೊಂದು, ಕುರಿಗೊಂದು. ‘ಏನ್ ಮೇಷ್ಟ್ರೇ, ಮೌನವ್ರತವಾ? ಮಳೆ ಬಂದಾತು ನೋಡ್ರಿ’ ಅಂತ ಚುಡಾಯಿಸಿದ. ಬಸ್ಸು ತುಂಬ ನಕ್ಕರು. ಉತ್ತರ ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ. ಒಳ್ಳೆಯ ಉತ್ತರವಾಗಿತ್ತು.

ಈ ಪತ್ರವನ್ನು ಹಾಲಿನ ವ್ಯಾನಿನವನ ಕೈಲಿ ಕಳಿಸುತ್ತಿದ್ದೇನೆ. ಮನೆಗೆ ಬಂದರೆ ನಿನ್ನ ಮುಖ ನೋಡಿ ಮಾತಾಡಿಬಿಡುತ್ತೇನೆ. ಅದಕ್ಕೇ ಇಲ್ಲೇ ಉಳಿದೆ.

ನಿಮ್ಮತ್ತೆ ಹೇಳಿದ್ದನ್ನು ಹೊಸದುರ್ಗದಲ್ಲಿ ಕುಂತು ತೂಗಿ ನೋಡಿದೆ. ಏಳನೇ ವಯಸ್ಸಿಗೆ ನಾಟಕ ಕಂಪನಿಯ ಮುಂದೆ ಬಾಲಪಾತ್ರಕ್ಕೆ ನಿಂತವನು ನಾನು. ಅವತ್ತಿನಿಂದ ಈ ಬಾಯಲ್ಲಿ ಬಂದದ್ದೆಲ್ಲ ರಾಜರ ಮಾತು, ದೇವರ ಮಾತು, ರಾಕ್ಷಸರ ಮಾತು. ಸಂತೆಯಲ್ಲಿ ಈರುಳ್ಳಿ ಕೇಳಿದರೂ ಯಾವುದೋ ಪಾರ್ಟಿನ ಧಾಟಿ. ನಿನ್ನನ್ನು ಬೈದದ್ದೂ ಹಾಗೇ, ಮುದ್ದು ಮಾಡಿದ್ದೂ ಹಾಗೇ. ನಾಟಕ ನಾನೇ ಬರೆದರೂ ಮಾತು ಪಾತ್ರದ್ದು. ನನ್ನದು ಅನ್ನುವ ಒಂದೇ ಒಂದು ವಾಕ್ಯ ಬರೆದೆ, ಅದು ಇದು. ಕಂಠದಲ್ಲಿ ಇಷ್ಟು ಬಲವಿದೆ ಅಂತ ಗೊತ್ತಿದ್ದರೆ ಮೊದಲೇ ಒಂದು ಒಳ್ಳೆಯ ವಾಕ್ಯ ಆಡುತ್ತಿದ್ದೆನಲ್ಲೇ.

ನಿನ್ನೆ ಕೊನೆಯ ತಾಲೀಮು ಮಾಡಿದೆ. ಬತೇರಿ ಹತ್ತಿ ರಾಜನ ಮಾತನ್ನು ಮೂರು ಸಲ ಒದರಿದೆ. ಮಂಡಿಯ ಹಮಾಲರು ಮೂಟೆ ಇಳಿಸಿ ಬಂದು ನಿಂತರು. ಆಮೇಲೆ ಕಿರೀಟ ತೆಗೆದು ತಿಪ್ಪೇರುದ್ರಪ್ಪನ ತಲೆಗೆ ಇಟ್ಟೆ. ವರ್ಷಗಟ್ಟಲೆ ಕೇಳಿದ ಪಾರ್ಟು ಕೈಗೆ ಬಂದರೆ ಕುಣಿಯುತ್ತಾನೆ ಅಂದುಕೊಂಡಿದ್ದೆ. ಆ ಭಂಡ ಹುಡುಗನ ಹಾಗೆ ಅತ್ತ. ಮೂರನೇ ಸಲ ಒದರುವಾಗ ಉಸಿರು ಹೊಟ್ಟೆಯಿಂದ ತಗೋ, ಎದೆಯಿಂದ ಬೇಡ ಅಂತ ಹೇಳಿ ಬಂದೆ.

ಮಂದೆ ಕೂಗು ನನಗೆ ಬರುತ್ತದೆಯೋ ಅಂತ ನಿನಗೆ ಅನುಮಾನ ಬಂದಿರಬಹುದು. ಬರುತ್ತದೆ. ಕುರಿ ಕಾಯುತ್ತಿದ್ದ ನನ್ನಪ್ಪ ಹಾಕುತ್ತಿದ್ದ ಕೂಗು ಅದು. ಕಂಪನಿಗೆ ಸೇರುವ ಮುಂಚೆ ನಾನು ಕಲಿತ ಮೊದಲ ಪಾಠ. ಇಷ್ಟು ವರ್ಷ ಯಾವ ರಂಗದ ಮೇಲೂ ಅದಕ್ಕೆ ಸಂದರ್ಭ ಬರಲಿಲ್ಲ. ಈಗ ಜಗಲಿಯಲ್ಲಿ ಕುಂತು ಬಾಯಿ ಮುಚ್ಚಿಕೊಂಡೇ, ಗಂಟಲೊಳಗೆ, ಮನಸ್ಸಿನಲ್ಲೇ ಒಮ್ಮೆ ಅದನ್ನು ತಿರುವಿ ನೋಡಿದೆ. ಕುರಿಯ ಹಗ್ಗ ಕಂಬಕ್ಕೆ ಕಟ್ಟಿತ್ತು. ಅದು ಪಡುವಲಿಗೆ ಮುಖ ಮಾಡಿ ನಿಂತಿತ್ತು. ಮೆಲ್ಲಗೆ ತಿರುಗಿ ನನ್ನನ್ನು ನೋಡಿತು. ಅದು ನನ್ನ ಶೆಡ್ಡಿಗೆ ಬಂದಾಗಿನಿಂದ ಅದರ ಕಣ್ಣು ನೋಡಿದ್ದು ಇದೇ ಮೊದಲು. ಆಮೇಲೆ ನೀರು ಕುಡಿಯಿತು.

ಇನ್ನು ನಾಳೆಯಿಂದ ನಿನಗೊಂದು ಕೆಲಸ. ನನ್ನ ಪತ್ರಗಳನ್ನು ಗಟ್ಟಿಯಾಗಿ ಓದು. ನೀನು ಓದಿದ್ದನ್ನು ನಾನು ಹುಣಿಸೆಮರದ ಕೆಳಗೆ, ಚಿಕ್ಕತಿಮ್ಮಪ್ಪನ ಪಕ್ಕ ಕುಂತು ಕೇಳುತ್ತೇನೆ. ಕೊನೆಗೂ ಆ ಪ್ರೇಕ್ಷಕನಿಗೆ ಸಮನಾದೆ ನೋಡು. ಇಬ್ಬರೂ ‘ಭಲೆ’ ಅನ್ನುವುದಿಲ್ಲ. ಆ ಒಂದು ವಾಕ್ಯ ಬಿಟ್ಟು ಉಳಿದದ್ದೆಲ್ಲ ಓದು.

ಹಂಡೆಯಲ್ಲಿ ನೀರು ಕಾಯಿಸಿಡು. ಈ ಸಲ ಗಿಡಕ್ಕೆ ಹಾಕಬೇಡ.

ನಾಳೆ ಬೆಳಗ್ಗೆ ಹೊತ್ತು ಹುಟ್ಟುವ ಮುಂಚೆ ಹಟ್ಟಿಗೆ ನಡೆದು ಬರುತ್ತೇನೆ. ಚಪ್ಪಲಿ ಬಿಟ್ಟು ರೊಪ್ಪದ ಬಾಗಿಲ ಕಲ್ಲಿನ ಮೇಲೆ ನಿಲ್ಲುತ್ತೇನೆ. ಉಸಿರು ಹೊಟ್ಟೆಯಿಂದ ತೆಗೆದು, ನಾಲ್ಕೂ ದಿಕ್ಕಿಗೆ ಕೇಳುವಂತೆ, ಒಂದೇ ಒಂದು ಸಲ ಕೂಗುತ್ತೇನೆ. ಯಾರೂ ಚಪ್ಪಾಳೆ ತಟ್ಟಬೇಡಿ. ಕುರಿ ಬೆದರುತ್ತವೆ.

ಇಂತಿ,
ನಿನ್ನ ಮಾವ